ಹವ್ಯಾಸಕ್ಕೆ ಅನಿಮೇಷನ್ ಮಾಡುವವರ ಪ್ರಶ್ನೆಗಳು: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಗೆಳೆಯರಿಗೆ

ಓದು, ಅಂಗಡಿ, ನೌಕರಿ, ಹೊಲದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅನಿಮೇಷನ್ ಮಾಡುವ ಮಂದಿ ನಾವು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುತ್ತೇವೆ. ಎಲ್ಲಿ ಚಲೋ ಬಂದಿದೆ, ಎಲ್ಲಿ ಕಣ್ಣಿಗೆ ತೊಡಕಾಯಿತು ಎಂದು ಹೇಳುತ್ತೇವೆ. ಹೊಸದಾಗಿ ಸೇರಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಪೂರ್ತಿ ಓದಬೇಕೆಂದಿಲ್ಲ. ನಿಮಗೆ ಬೇಕಾದ ಪ್ರಶ್ನೆ ಹುಡುಕಿ ಓದಿ.

ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡದೆ ಅನಿಮೇಷನ್ ಕಲಿಯೋಕೆ ಆಗುತ್ತಾ?

ಆಗುತ್ತದೆ. ಪಾಠಗಳು ಈಗ ಪುಕ್ಕಟೆಯಾಗಿ ಬೇಕಾದಷ್ಟು ಸಿಗುತ್ತವೆ. ಕೋರ್ಸ್‌ನಲ್ಲಿ ನಿಜವಾಗಿ ಸಿಗುವುದು ಬೇರೆ ಎರಡು: ಇಷ್ಟು ದಿನದೊಳಗೆ ಮುಗಿಸಬೇಕು ಎಂಬ ಗಡುವು, ಮಾಡಿದ್ದನ್ನು ನೋಡಿ ತಿದ್ದುವ ಇನ್ನೊಂದು ಜೋಡಿ ಕಣ್ಣು. ನಿಮ್ಮ 3 ಸೆಕೆಂಡಿನ ತುಣುಕು ನೋಡಿ "ಇಲ್ಲಿ ಕಾಲು ಜಾರಿತು" ಎಂದು ಯಾವ ಪಾಠದ ವಿಡಿಯೋ ಕೂಡ ಹೇಳುವುದಿಲ್ಲ. ಅದನ್ನು ನಾವೇ ಒಬ್ಬರಿಗೊಬ್ಬರು ಮಾಡಿಕೊಳ್ಳಬಹುದು. ಗಂಗಾವತಿಯಲ್ಲಿ ಕೂತವರು ಮಾನ್ವಿಯವರ ಕೆಲಸ ನೋಡಿ ಹೇಳೋಕೆ ಏನಡ್ಡಿ?

ಯಾವ ಸಾಫ್ಟ್‌ವೇರ್ ತಗೊಳ್ಳಲಿ? ನನ್ನ ಹತ್ತಿರ ಫೋನ್ ಮಾತ್ರ ಇದೆ.

ಫೋನ್ ಇದ್ದರೆ ಫೋನಿನಲ್ಲೇ ಶುರು ಮಾಡಿ. ಫ್ಲಿಪಾಕ್ಲಿಪ್‌ನಂಥ ಆಪ್‌ನಲ್ಲಿ ಬೆರಳಿನಿಂದಲೇ ಫ್ರೇಮ್, ಅಂದರೆ ಚಲನೆಯ ಒಂದೊಂದು ಚಿತ್ರ, ಬಿಡಿಸಬಹುದು. ಕಂಪ್ಯೂಟರ್ ಇದ್ದರೆ ಪೆನ್ಸಿಲ್2ಡಿ, ಕ್ರಿಟಾ, ಓಪನ್‌ಟೂನ್ಜ್, ಬ್ಲೆಂಡರ್ ಇವೆ. ನಾಲ್ಕೂ ಉಚಿತ. ಹಳೆಯ ಲ್ಯಾಪ್‌ಟಾಪ್‌ಗೆ ಪೆನ್ಸಿಲ್2ಡಿ ಹಗುರ. ಬ್ಲೆಂಡರ್‌ನ ಹೊಸ ಆವೃತ್ತಿ ತೀರಾ ಹಳೆಯ ಯಂತ್ರದಲ್ಲಿ ತೆರೆಯದೇ ಹೋಗಬಹುದು.

ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಕಮ್ಮಿ ಎಂದು ತಿಳಿಯಬೇಡಿ. 2025ರಲ್ಲಿ ಅನಿಮೇಷನ್ ಚಿತ್ರಕ್ಕೆ ಕೊಡುವ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಬ್ಲೆಂಡರ್‌ನಲ್ಲೇ ಮಾಡಿದ್ದು. ಯಾವುದಾದರೂ ಒಂದನ್ನು ಹಿಡಿದು ಆರು ತಿಂಗಳು ಬಿಡಬೇಡಿ. ವಾರಕ್ಕೊಂದು ಸಾಫ್ಟ್‌ವೇರ್ ಬದಲಿಸುವವರ ಕೈ ಪಳಗುವುದಿಲ್ಲ.

ಮೊದಲು ಏನು ಮಾಡಬೇಕು? ನನಗೆ ಒಂದು ಪೂರ್ತಿ ಕಥೆ ಹೊಳೆದಿದೆ.

ಕಥೆಯನ್ನು ಒಂದು ಹಾಳೆಯಲ್ಲಿ ಬರೆದಿಡಿ, ಕಳೆದುಹೋಗಬಾರದು. ಆಮೇಲೆ ಒಂದು ಚೆಂಡು ಪುಟಿಯುವುದನ್ನು ಮಾಡಿ.

ಚೆಂಡು ಯಾಕೆ ಅಂದರೆ ಅದಕ್ಕೆ ಮುಖ ಇಲ್ಲ, ಬಟ್ಟೆ ಇಲ್ಲ, ಚಂದದ ಬಣ್ಣದ ಹಿಂದೆ ಅಡಗಿಸೋಕೆ ಏನೂ ಇಲ್ಲ. ಟೈಮಿಂಗ್, ಅಂದರೆ ಯಾವ ಚಲನೆಗೆ ಎಷ್ಟು ಹೊತ್ತು ಎಂಬ ಲೆಕ್ಕ, ತಪ್ಪಿದರೆ ತಕ್ಷಣ ಕಾಣುತ್ತದೆ. ಸ್ವಲ್ಪ ಲೆಕ್ಕ ಹೇಳುತ್ತೇವೆ, ಕೇಳಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. 10 ಅಡಿ ಎತ್ತರದ ಮಾಳಿಗೆಯಿಂದ ಚೆಂಡು ಬಿಟ್ಟರೆ ನೆಲ ಮುಟ್ಟಲು ಸುಮಾರು 0.8 ಸೆಕೆಂಡ್ ಬೇಕು, ಅಂದರೆ ಹತ್ತಿರ ಹತ್ತಿರ 19 ಫ್ರೇಮ್. ಈ 19 ಫ್ರೇಮಿನಲ್ಲೂ ಚೆಂಡು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಬೀಳುವ ಹೊತ್ತನ್ನು ನಾಲ್ಕು ಸಮ ಭಾಗ ಮಾಡಿದರೆ ಮೊದಲ ಭಾಗದಲ್ಲಿ ಚೆಂಡು 1 ಪಾಲು ದೂರ ಇಳಿಯುತ್ತದೆ. ಎರಡನೆಯದರಲ್ಲಿ 3 ಪಾಲು, ಮೂರನೆಯದರಲ್ಲಿ 5, ಕೊನೆಯದರಲ್ಲಿ 7. ಮೇಲೆ ಚಿತ್ರಗಳು ಒತ್ತೊತ್ತಾಗಿ ಬರುತ್ತವೆ, ಕೆಳಗೆ ದೂರ ದೂರ ಆಗುತ್ತವೆ. ಇದಕ್ಕೇ ಸ್ಪೇಸಿಂಗ್ ಅನ್ನುವುದು. ಹೊಸಬರ ತುಣುಕು ನೀರಿನಲ್ಲಿ ತೇಲಿದ ಹಾಗೆ ಕಂಡರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ: ಎಲ್ಲ ಚಿತ್ರಗಳ ನಡುವೆ ಸಮ ಅಂತರ ಇಟ್ಟಿರುತ್ತಾರೆ.

ರಬ್ಬರ್ ಚೆಂಡು ಬಂದ ಮೇಲೆ ಕ್ರಿಕೆಟ್ಟಿನ ಕಾರ್ಕ್ ಬಾಲ್ ಮಾಡಿ. ಆಮೇಲೆ ಜಾತ್ರೆಯ ಬಲೂನು ಮಾಡಿ. ಮೂರನ್ನೂ ಒಂದೇ ಗಾತ್ರದ ಬರೀ ವೃತ್ತವಾಗಿ ಬಿಡಿಸಿ. ಯಾವುದು ಯಾವುದು ಎಂದು ನೋಡುವವರು ಚಲನೆಯಿಂದಲೇ ಗುರುತಿಸಿದರೆ ನೀವು ಗೆದ್ದಿರಿ. ಆಗ ಕಥೆಯ ಹಾಳೆ ಹೊರಗೆ ತೆಗೆಯಿರಿ.

ಸೆಕೆಂಡಿಗೆ 24 ಚಿತ್ರ ಬಿಡಿಸಲೇಬೇಕಾ? ಕೈ ಬಿದ್ದು ಹೋಗುತ್ತದೆ.

ಬೇಡ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಸಾಕು. ಕೈಯಿಂದ ಬಿಡಿಸುವ ಅನಿಮೇಷನ್ ಹೆಚ್ಚಾಗಿ ಹೀಗೇ ನಡೆಯುತ್ತದೆ. ತುಂಬಾ ಜೋರಾದ ಚಲನೆಗೆ ಮಾತ್ರ ಪ್ರತಿ ಫ್ರೇಮಿಗೂ ಚಿತ್ರ ಬೇಕಾಗುತ್ತದೆ. ಇನ್ನೊಂದು ಮಾತು: ಫೋನಿನ ವಿಡಿಯೋ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ. ಅದನ್ನು ನೋಡಿ ಬಿಡಿಸಲು ರೆಫರೆನ್ಸ್ ಆಗಿ ಇಟ್ಟುಕೊಳ್ಳುವಾಗ ನಿಮ್ಮ ಫೈಲಿಗೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಎಣಿಕೆ ತಪ್ಪುತ್ತದೆ.

ಕೆಲಸವನ್ನು ಯಾವಾಗ ತೋರಿಸಬೇಕು? ಪೂರ್ತಿ ಮುಗಿಸಿ, ಬಣ್ಣ ತುಂಬಿ ತೋರಿಸಿದರೆ ಚಂದ ಅಲ್ವಾ?

ಇದರ ಬಗ್ಗೆ ನಮ್ಮ ಅಭಿಪ್ರಾಯ ಗಟ್ಟಿ. ಮುಗಿಯುವ ಮೊದಲೇ ತೋರಿಸಿ. ಬರೀ ಗೆರೆ ಇರುವಾಗ, ಪಾತ್ರದ ನಿಲುವು ತೋರಿಸುವ ಮುಖ್ಯ ಪೋಸ್‌ಗಳು ಮಾತ್ರ ಇರುವಾಗ ತೋರಿಸಿ. ಆಗ "ಈ ಪೋಸ್ ಓದೋಕೆ ಬರುತ್ತಿಲ್ಲ" ಎಂದು ಯಾರಾದರೂ ಹೇಳಿದರೆ ಬದಲಿಸಲು ಹತ್ತು ನಿಮಿಷ ಸಾಕು. ನಡುವಿನ ಚಿತ್ರ ಎಲ್ಲ ಬಿಡಿಸಿ, ಬಣ್ಣ ತುಂಬಿ, ಹಾಡು ಕೂಡಿಸಿ ಆದ ಮೇಲೆ ಅದೇ ಮಾತು ಕೇಳಿದರೆ ಎದೆ ಒಡೆಯುತ್ತದೆ. ಎಷ್ಟೋ ಜನ ಆ ಹಂತದಲ್ಲೇ ಕೈ ಬಿಟ್ಟಿದ್ದಾರೆ. ಅವರಿಗೆ ಬಂದ ಸಲಹೆ ಸರಿಯಾಗಿಯೇ ಇತ್ತು, ಬಂದ ಹೊತ್ತು ಮಾತ್ರ ತಡವಾಗಿತ್ತು.

ಗೆರೆ ಒರಟಾಗಿದೆ ಎಂದು ನಾಚಿಕೊಳ್ಳಬೇಡಿ. ಒರಟು ಗೆರೆಯನ್ನು ಓದುವ ಅಭ್ಯಾಸ ನೋಡುವವರಿಗೂ ಇರಬೇಕು. ಗೆರೆ ನಡುಗುತ್ತಿದೆ, ಬೆರಳು ಐದಿಲ್ಲ ಎನ್ನುವ ಮಾತನ್ನು ಆ ಹಂತದಲ್ಲಿ ಆಡಲೇಬಾರದು.

ಸಲಹೆ ಕೇಳುವುದು ಹೇಗೆ?

"ಹೆಂಗೈತಿ ಹೇಳ್ರಿ" ಎಂದರೆ "ಚಲೋ ಐತಿ" ಎಂದು ಉತ್ತರ ಬರುತ್ತದೆ. ಅದಕ್ಕಿಂತ ನೀವು ಏನು ತೋರಿಸಬೇಕೆಂದಿದ್ದೀರಿ ಎಂದು ಒಂದು ಸಾಲು ಬರೆಯಿರಿ. "ಅಜ್ಜಿಗೆ ಸಿಟ್ಟು ಬಂದಿದೆ, ಆದರೆ ತೋರಿಸಿಕೊಳ್ಳುತ್ತಿಲ್ಲ. ಅದು ಗೊತ್ತಾಗುತ್ತಾ?" ಎಂದು ಕೇಳಿ. ಆಗ ನೋಡುವವರಿಗೆ ಎಲ್ಲಿ ಕಣ್ಣಿಡಬೇಕು ಎಂದು ತಿಳಿಯುತ್ತದೆ. ಯಾವ ಹಂತದಲ್ಲಿದ್ದೀರಿ, ಇನ್ನು ಏನನ್ನು ಬದಲಿಸಲು ತಯಾರಿದ್ದೀರಿ ಎಂಬುದನ್ನೂ ಹೇಳಿ.

ಸಲಹೆ ಕೊಡುವುದು ಹೇಗೆ? ಯಾರಿಗೂ ನೋವಾಗಬಾರದು.

ಮೂರು ಸಲ ನೋಡಿ, ಆಮೇಲೆ ಮಾತಾಡಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಎಲ್ಲಿ ಕಣ್ಣು ತಡವರಿಸಿತು ಎಂದು ಗುರುತು ಮಾಡಿ. ಮೂರನೇ ಸಲ ಫ್ರೇಮ್ ಫ್ರೇಮ್ ಸರಿಸುತ್ತಾ ಕಾರಣ ಹುಡುಕಿ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇವೆ. ಸಿಂಧನೂರಿನ ಹುಡುಗನೊಬ್ಬ ಹಮಾಲಿಯೊಬ್ಬ 50 ಕೆಜಿ ಅಕ್ಕಿ ಚೀಲ ಎತ್ತುವ ತುಣುಕು ಮಾಡಿದ್ದ. ಚಿತ್ರ ಚಂದ ಇತ್ತು. ಚೀಲಕ್ಕೆ ಮಾತ್ರ ತೂಕವೇ ಇರಲಿಲ್ಲ, ಒಳಗೆ ಹತ್ತಿ ತುಂಬಿದಂತೆ ಮೇಲೆ ಬರುತ್ತಿತ್ತು. "ತೂಕ ಬಂದಿಲ್ಲ" ಎಂದಷ್ಟೇ ಹೇಳಿದ್ದರೆ ಅದು ಅವನಿಗೂ ಗೊತ್ತಿದ್ದ ಮಾತು. ದಾರಿ ತೋರಿಸಿದ್ದು ಈ ಮಾತುಗಳು:

"ತಮ್ಮಾ, 14ನೇ ಫ್ರೇಮಿನಿಂದ 20ರವರೆಗೆ ನೋಡು. ಕೈ ಮೇಲೆ ಹೊರಟ ಗಳಿಗೆಯಲ್ಲೇ ಚೀಲವೂ ಹೊರಟಿದೆ. ಭಾರ ಇದ್ದರೆ ಮೊದಲು ಕೈ ಬಿಗಿಯಾಗುತ್ತದೆ, ಚೀಲ ಇನ್ನೂ ನೆಲದಲ್ಲೇ ಇರುತ್ತದೆ. ಅಲ್ಲಿ ಒಂದು ಆರು ಫ್ರೇಮ್ ತಡೆ. ಆಮೇಲೆ ಚೀಲದ ಬಾಯಿ ಏಳಲಿ, ತಳ ಎರಡು ಮೂರು ಫ್ರೇಮ್ ಹಿಂದೆ ಬರಲಿ. ಸೊಂಟ ಅಲುಗೇ ಇಲ್ಲ ನೋಡು. ಎತ್ತುವ ಮೊದಲು ಅವನು ಮಂಡಿ ಮಡಚಿ ಕೆಳಗಿಳಿಯಬೇಕು, ಮೈಭಾರ ಒಂದು ಕಾಲಿನ ಮೇಲೆ ಹೋಗಬೇಕು. ಮುಖದ ಭಾವ ಮಾತ್ರ ಭಾಳ ಚಲೋ ಬಂದೈತಿ, ಅದನ್ನ ಮುಟ್ಟಬ್ಯಾಡ."

ಇದರಲ್ಲಿ ಫ್ರೇಮಿನ ಸಂಖ್ಯೆ ಇದೆ, ಕಂಡದ್ದು ಏನು ಎಂಬುದಿದೆ, ಕಾರಣ ಇದೆ, ಮಾಡಿ ನೋಡಲು ಒಂದು ದಾರಿ ಇದೆ. ಯಾವುದನ್ನು ಹಾಗೇ ಉಳಿಸಬೇಕು ಎಂಬುದೂ ಇದೆ. ಈ ಕೊನೆಯದನ್ನು ಮರೆಯುವವರು ಜಾಸ್ತಿ. ಸರಿ ಬಂದದ್ದು ಯಾವುದೆಂದು ಹೇಳದಿದ್ದರೆ ಹೊಸಬರು ತಿದ್ದುವ ಭರದಲ್ಲಿ ಅದನ್ನೂ ಅಳಿಸಿಬಿಡುತ್ತಾರೆ.

ಹುಡುಗ ಮರುದಿನ ಎಪಿಎಂಸಿಗೆ ಹೋಗಿ, ಕೇಳಿಕೊಂಡು, ಚೀಲ ಹೊರುವುದನ್ನು ಫೋನಿನಲ್ಲಿ ಹಿಡಿದು ತಂದ. ಭಾರ ಹೊತ್ತವರು ದೊಡ್ಡ ಹೆಜ್ಜೆ ಹಾಕುವುದಿಲ್ಲ. ಮಂಡಿ ಸ್ವಲ್ಪ ಮಡಚಿಯೇ ಇರುತ್ತದೆ, ಹೆಜ್ಜೆ ಚಿಕ್ಕದು, ಚುರುಕು. ತಲೆ ಮೇಲೆ ಕೆಳಗೆ ಆಡುವುದು ಕಡಿಮೆ. ಇದು ನಮಗೂ ಹೊಸದಾಗಿಯೇ ಕಂಡಿತು.

ನನಗೆ ಚಿತ್ರ ಬಿಡಿಸೋಕೆ ಬರೋದಿಲ್ಲ. ನಾನು ಬೇರೆಯವರ ಕೆಲಸದ ಬಗ್ಗೆ ಹೇಳಬಹುದಾ?

ಖಂಡಿತ ಹೇಳಿ. ಎತ್ತು ಹೇಗೆ ನಡೆಯುತ್ತದೆ ಎಂದು ರೈತರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೊಡ ಹೊತ್ತವಳ ಸೊಂಟ ಯಾವ ಕಡೆ ವಾಲುತ್ತದೆ ಎಂದು ನೀರು ತಂದವರಿಗೆ ಗೊತ್ತು. ಅನಿಮೇಷನ್ ಭಾಷೆ ಬರದಿದ್ದರೂ ಪರವಾಗಿಲ್ಲ. "ಯಾಕೋ ಇಲ್ಲಿ ಸುಳ್ಳು ಅನ್ನಿಸಿತು" ಎಂದರೂ ಸಾಕು. ಕಾರಣ ಹುಡುಕುವುದು ಮಾಡಿದವರ ಕೆಲಸ.

ಒಬ್ಬರು ನಿಧಾನ ಮಾಡು ಅಂತಾರೆ, ಇನ್ನೊಬ್ಬರು ಜೋರು ಮಾಡು ಅಂತಾರೆ. ಯಾರ ಮಾತು ಕೇಳಲಿ?

ಇಬ್ಬರೂ ಒಂದೇ ಜಾಗ ತೋರಿಸುತ್ತಿದ್ದಾರಾ ನೋಡಿ. ಹೌದಾದರೆ ಅಲ್ಲಿ ತೊಡಕು ಇರುವುದು ನಿಜ. ಮದ್ದು ಮಾತ್ರ ಅವರು ಹೇಳಿದ್ದೇ ಆಗಬೇಕಿಲ್ಲ. ಎಷ್ಟೋ ಸಲ ಸಮಸ್ಯೆ ಒಂದು ಸೆಕೆಂಡ್ ಹಿಂದೆ ಇರುತ್ತದೆ. ಉದಾಹರಣೆಗೆ, ಜಿಗಿತ ಚುರುಕಾಗಿಲ್ಲ ಎನ್ನಿಸುವುದು ಜಿಗಿಯುವ ಮೊದಲು ಮೈ ಕುಗ್ಗಿಸಿ ತಯಾರಾಗುವ ಪೋಸ್ ಇಲ್ಲದಿರುವುದರಿಂದ. ಎರಡು ರೀತಿಯಲ್ಲೂ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಕೊನೆಗೆ ನಿರ್ಧಾರ ನಿಮ್ಮದೇ, ಚಿತ್ರದಲ್ಲಿ ಹೆಸರು ಬರುವುದು ನಿಮ್ಮದು.

ತೊಗಲು ಗೊಂಬೆ ಶೈಲಿಯಲ್ಲಿ ಅನಿಮೇಷನ್ ಮಾಡಬೇಕೆಂದಿದ್ದೇನೆ. ಹೇಗೆ?

ಈ ಪ್ರಶ್ನೆ ಬಂದಾಗಲೆಲ್ಲ ಖುಷಿಯಾಗುತ್ತದೆ. ನಮ್ಮ ಜಿಲ್ಲೆಗಳಿಗೆ ಇದು ಮನೆಯ ವಿದ್ಯೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲು ಗೊಂಬೆಯಲ್ಲಿ ಆಡಿಸಿದರು. ಪರದೆಯ ಹಿಂದೆ ಬೆಳಕು, ಮುಂದೆ ಕತ್ತಲು, ನಡುವೆ ಚಲಿಸುವ ಚಿತ್ರ. ಕ್ಯಾಮೆರಾ, ಪ್ರೊಜೆಕ್ಟರ್ ಹುಟ್ಟುವ ಎಷ್ಟೋ ಮೊದಲಿನಿಂದ ಇಲ್ಲಿ ನಡೆದು ಬಂದಿರುವ ಕೆಲಸ ಇದು.

ಮಾಡುವವರು ಸಾಮಾನ್ಯವಾಗಿ ಎಡವುವ ಜಾಗ ಹೇಳುತ್ತೇವೆ. ಮೊದಲನೆಯದು, ಗೊಂಬೆಯನ್ನು ಪೂರ್ತಿ ಕಪ್ಪು ನೆರಳಾಗಿ ಮಾಡುವುದು. ಹದ ಮಾಡಿದ ತೊಗಲಿನ ಮೂಲಕ ಬೆಳಕು ಹಾಯುತ್ತದೆ, ಕೆಂಪು, ಹಸಿರು ಬಣ್ಣ ಪರದೆ ಮೇಲೆ ಹೊಳೆಯುತ್ತದೆ. ಹಾಗಾಗಿ ಬಣ್ಣದ ಪದರದ ಹಿಂದೆ ಬೆಳಕು ಇಡಿ. ಕಂಪ್ಯೂಟರಿನಲ್ಲಾದರೆ ಗೊಂಬೆಯ ಪದರವನ್ನು ಹಿಂದಿನ ಬೆಳಕು ಬಣ್ಣದ ಮೂಲಕ ಹಾಯುವಂತೆ ತೋರಿಸುವ ಮಲ್ಟಿಪ್ಲೈ ಮೋಡ್‌ಗೆ ಹಾಕಿ ಬೆಳಕಿನ ಹಿನ್ನೆಲೆ ಮೇಲೆ ಕೂರಿಸಿ. ಎರಡನೆಯದು, ಕೀಲುಗಳನ್ನು ಜಾಸ್ತಿ ಮಾಡುವುದು. ಬೆರಳು, ಮಣಿಕಟ್ಟು, ಹುಬ್ಬು ಎಲ್ಲಕ್ಕೂ ಕೀಲು ಹಾಕಿದರೆ ಅದು ತೊಗಲು ಗೊಂಬೆ ಅನ್ನಿಸುವುದೇ ಇಲ್ಲ. ಭುಜ, ಮೊಣಕೈಯಿಂದಲೇ ಎಷ್ಟು ಭಾವ ತರಬಹುದು ಎಂದು ಪ್ರಯತ್ನಿಸಿ. ಮೂರನೆಯದು ಗಾತ್ರ. ಕರ್ನಾಟಕದ ತೊಗಲು ಗೊಂಬೆಗಳಲ್ಲಿ ರಾಜ, ದೇವರು ದೊಡ್ಡದಾಗಿ, ಆಳು ಕಾಳು ಚಿಕ್ಕದಾಗಿ ಇರುತ್ತವೆ. ಆ ಪದ್ಧತಿ ತಿಳಿದುಕೊಂಡು ನಿಮ್ಮ ಕಥೆಗೆ ಬಳಸಿ. ಬೇಕೆಂದರೆ ತಿರುಗಿಸಿ, ಆಳನ್ನೇ ದೊಡ್ಡದು ಮಾಡಿ.

ಒಂದು ವಿಷಯದಲ್ಲಿ ನಾವು ಬಿಗಿಯಾಗಿದ್ದೇವೆ. ಕಲಾವಿದರ ಮನೆಯ ಗೊಂಬೆಯ ಫೋಟೋ ತೆಗೆದು ಅದನ್ನೇ ಕತ್ತರಿಸಿ ಬಳಸುವುದಿದ್ದರೆ ಮೊದಲು ಅವರ ಒಪ್ಪಿಗೆ ಕೇಳಿ, ಹಣ ಬರುವ ಕೆಲಸವಾದರೆ ಪಾಲು ಕೊಡಿ, ಚಿತ್ರದಲ್ಲಿ ಹೆಸರು ಹಾಕಿ. ಅದಕ್ಕಿಂತ ಒಳ್ಳೆಯದು, ಒಂದು ಆಟ ಪೂರ್ತಿ ಕೂತು ನೋಡಿ. ಪರದೆಯ ಮುಂದೆ ಸ್ವಲ್ಪ ಹೊತ್ತು, ಹಿಂದೆ ಸ್ವಲ್ಪ ಹೊತ್ತು. ಗೊಂಬೆ ಪರದೆಗೆ ಒತ್ತಿದಾಗ ಅಂಚು ಚೂಪಾಗುತ್ತದೆ, ಹಿಂದಕ್ಕೆ ಸರಿದಾಗ ಮಸುಕಾಗುತ್ತದೆ. ಪಾತ್ರದ ಪ್ರವೇಶ, ನಿರ್ಗಮನಕ್ಕೆ ಇದನ್ನು ಬಳಸಿದರೆ ಎಂಥಾ ಚಂದ!

ಮಣ್ಣಿನ ಗೊಂಬೆ ಇಟ್ಟು, ಸ್ವಲ್ಪ ಸ್ವಲ್ಪ ಸರಿಸಿ ಒಂದೊಂದೇ ಫೋಟೋ ತೆಗೆಯುವ ಸ್ಟಾಪ್ ಮೋಷನ್ ಮಾಡುತ್ತಿದ್ದೇನೆ. ಬೆಳಕು ಮಿನುಗುತ್ತದೆ, ಗೊಂಬೆ ಕುಸಿಯುತ್ತದೆ.

ಬೆಳಕಿನ ತೊಂದರೆಗೆ, ಮೊದಲು ಫೋನಿನ ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬೆಳಕಿನ ಪ್ರಮಾಣ, ಸ್ಪಷ್ಟತೆ, ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಕಿಟಕಿ ಮುಚ್ಚಿ. ಮೋಡ ಒಂದು ಸರಿದರೂ ಫ್ರೇಮಿನಿಂದ ಫ್ರೇಮಿಗೆ ಬಣ್ಣ ಬದಲಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಆದ್ದರಿಂದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಷಟರ್ ತೆರೆದಿರುವ ಹೊತ್ತನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಬರುವುದು ನಿಲ್ಲುತ್ತದೆ. ನೀವು ಹಾಕಿಕೊಂಡ ಅಂಗಿಯ ಬಣ್ಣವೂ ಗೊಂಬೆ ಮೇಲೆ ಬೀಳುತ್ತದೆ. ದಿನಾ ಒಂದೇ ಕಪ್ಪು ಅಂಗಿ ಹಾಕಿಕೊಳ್ಳಿ.

ಕುಸಿಯುವುದಕ್ಕೆ ಕಾರಣ ಬಿಸಿಲು. ಅಂಗಡಿಯಲ್ಲಿ ಸಿಗುವ ಬಣ್ಣದ ಕ್ಲೇ ಎಣ್ಣೆ ಬೆರೆಸಿದ್ದು. ರಾಯಚೂರಿನಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಮಧ್ಯಾಹ್ನ ಅದು ಬೆಣ್ಣೆಯಂತಾಗುತ್ತದೆ. ಒಳಗೆ ತಂತಿಯ ಎಲುಬು ಹಾಕಿ. ನಸುಕಿನಲ್ಲಿ ಕೆಲಸ ಮಾಡಿ. ಫ್ಯಾನ್ ಹಾಕುವ ಹಾಗಿಲ್ಲ, ಕಾಗದದ ಮರ, ಹುಲ್ಲು ಎಲ್ಲ ಅಲುಗಿಬಿಡುತ್ತವೆ.

ಎರೆಮಣ್ಣು ಬಳಸುವವರಿಗೆ ಬೇರೆ ಮಾತು. ಅದು ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಒಣಗಿದ ಮೇಲೆ ಬಾಗುವುದಿಲ್ಲ. ಆದ್ದರಿಂದ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತನ್ನು ನಡೆಸಬೇಕೆಂದಿದ್ದರೆ ಒಂದೇ ಎತ್ತನ್ನು ಬಗ್ಗಿಸಲು ಹೋಗಬೇಡಿ. ಬೇರೆ ಬೇರೆ ಹೆಜ್ಜೆಯ ಏಳೆಂಟು ಎತ್ತು ಮಾಡಿ ಒಣಗಿಸಿ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಫೋಟೋ ತೆಗೆಯಿರಿ. ಹೆಜ್ಜೆಯ ಕ್ರಮ ಹೀಗೆ: ಹಿಂದಿನ ಎಡಗಾಲು, ಮುಂದಿನ ಎಡಗಾಲು, ಹಿಂದಿನ ಬಲಗಾಲು, ಮುಂದಿನ ಬಲಗಾಲು. ಬಿರುಕು ಬಿಟ್ಟರೆ ಮುಚ್ಚಬೇಕಿಲ್ಲ, ನೋಡಲು ಚಂದವೇ ಇರುತ್ತದೆ.

ಕನ್ನಡ ಮಾತಿಗೆ ತುಟಿ ಹೊಂದಿಸುವುದು ಹೇಗೆ? ಯಾವ ಅಕ್ಷರಕ್ಕೆ ಬಾಯಿ ಹೇಗೆ ಎಂದು ತೋರಿಸುವ, ಸಿಗುವ ಚಾರ್ಟ್‌ಗಳೆಲ್ಲ ಇಂಗ್ಲಿಷಿನವು.

ಆ ಚಾರ್ಟ್‌ಗಳಲ್ಲಿ ನಮಗೆ ಬೇಡದ್ದು ಇದೆ, ಬೇಕಾದದ್ದು ಇಲ್ಲ. ಕನ್ನಡಿ ಮುಂದೆ ಕೂತು ಹೇಳಿ ನೋಡಿ. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು, ಇದು ತಪ್ಪಿದರೆ ಯಾರಿಗಾದರೂ ಗೊತ್ತಾಗುತ್ತದೆ. ಊ, ಓ ಬಂದಾಗ ತುಟಿ ದುಂಡಗಾಗುತ್ತದೆ. ಆ ಬಂದರೆ ದವಡೆ ಇಳಿಯುತ್ತದೆ. ಟ, ಡ, ಣ, ಳ ನಾಲಗೆಯ ಕೆಲಸ, ಹೊರಗೆ ಹೆಚ್ಚು ಕಾಣುವುದಿಲ್ಲ, ಅದಕ್ಕೆ ಬೇರೆ ಚಿತ್ರ ಬೇಡ.

ಕನ್ನಡದಲ್ಲಿ ಒತ್ತಕ್ಷರ ಮುಖ್ಯ. "ಬಾರಪ್ಪ" ಎನ್ನುವಾಗ ಮೊದಲ ಬ ಬೇಗ ಬಿಡುತ್ತದೆ, ಪ್ಪ ಹತ್ತಿರ ತುಟಿ ಜಾಸ್ತಿ ಹೊತ್ತು ಮುಚ್ಚಿರುತ್ತದೆ. ಅಲ್ಲಿ ಮೂರು ನಾಲ್ಕು ಫ್ರೇಮ್ ಕೊಡಿ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಮಾತು ಮುಗಿದ ಕೂಡಲೇ ಬಾಯಿ ಪಟ್ಟನೆ ಮುಚ್ಚಬೇಡಿ. ತುಟಿಯ ಚಿತ್ರ ಧ್ವನಿಗಿಂತ ಒಂದೆರಡು ಫ್ರೇಮ್ ಮುಂಚೆ ಬಂದರೆ ಹೊಂದಿಕೆ ಸರಿ ಕಾಣುತ್ತದೆ. ಧ್ವನಿಗೆ ನಿಮ್ಮ ಮನೆಯವರ ಮಾತನ್ನೇ ಹಿಡಿಯಿರಿ. "ಎಲ್ಲಿಗೆ ಹೊಂಟಿ?" ಎಂದು ಅಜ್ಜಿ ಕೇಳುವ ಧಾಟಿ ಪುಸ್ತಕದ ಕನ್ನಡದಲ್ಲಿ ಬರುವುದಿಲ್ಲ.

ಸಿನಿಮಾ ಹಾಡು ಹಾಕಬಹುದಾ?

ಅನುಮತಿ ಇಲ್ಲದೆ ಬೇಡ. ಹಳೆಯ ಸಾಹಿತ್ಯ ಇದೆಯಲ್ಲ, ವಚನ, ತತ್ವಪದ, ನಮ್ಮ ರಾಯಚೂರು ಸೀಮೆಯ ದಾಸರ ಪದ. ಸಾಹಿತ್ಯಕ್ಕೆ ಹಕ್ಕುಸ್ವಾಮ್ಯದ ತೊಂದರೆ ಇಲ್ಲ. ಆದರೆ ಯಾರೋ ಹಾಡಿದ ರೆಕಾರ್ಡಿಂಗ್‌ಗೆ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಊರ ಭಜನಾ ಮಂಡಳಿಯವರನ್ನು ಕೇಳಿ ಹೊಸದಾಗಿ ಹಾಡಿಸಿ.

ಎಐನಿಂದ ಮಾಡಿದ ವಿಡಿಯೋ ತೋರಿಸಿ ಸಲಹೆ ಕೇಳಬಹುದಾ?

ಯಾವ ಭಾಗ ನೀವು ಮಾಡಿದ್ದು, ಯಾವುದು ಅದು ಮಾಡಿದ್ದು ಎಂದು ಮೊದಲೇ ಹೇಳಿ. 17ನೇ ಫ್ರೇಮ್ ಸರಿಸು ಎಂದು ಒಬ್ಬರು ಅರ್ಧ ಗಂಟೆ ಕೂತು ಬರೆಯುತ್ತಾರೆ. ಆ ಫ್ರೇಮ್ ಇಟ್ಟದ್ದು ನೀವಲ್ಲದಿದ್ದರೆ ಅವರ ಹೊತ್ತು ವ್ಯರ್ಥ.

ಚಿಕ್ಕ ಮಕ್ಕಳು ಕಳಿಸಿದರೆ?

ಒಂದೇ ಒಂದು ತಿದ್ದುಪಡಿ ಹೇಳಿ, ಜಾಸ್ತಿ ಬೇಡ. ಮಗುವಿನ ಫೋಟೋ, ಶಾಲೆಯ ಹೆಸರು, ಫೋನ್ ನಂಬರ್ ತುಣುಕಿನಲ್ಲಿ ಇರಬಾರದು. ಮನೆಯ ದೊಡ್ಡವರಿಗೆ ತಿಳಿದಿರಬೇಕು.

ತುಣುಕನ್ನು ಹೇಗೆ ಕಳಿಸಬೇಕು?

ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಒತ್ತಿ ಚಿಕ್ಕದು ಮಾಡುತ್ತದೆ, ಸಣ್ಣ ಗೆರೆ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲೆಯಲ್ಲಿ ಫ್ರೇಮ್ ಸಂಖ್ಯೆ ಕಾಣುವಂತೆ ಮಾಡಿ. ಬ್ಲೆಂಡರ್‌ನಲ್ಲಿ ಔಟ್‌ಪುಟ್ ಸೆಟ್ಟಿಂಗಿನ ಮೆಟಾಡೇಟಾ ಭಾಗದಲ್ಲಿ ಇದಕ್ಕೆ ಗುರುತು ಹಾಕುವ ಜಾಗ ಇದೆ. ಉಳಿದವುಗಳಲ್ಲಿ ಕೈಯಿಂದ ಬರೆದರೂ ಆಯಿತು. ತುಣುಕು 10 ಸೆಕೆಂಡ್ ಒಳಗಿರಲಿ. ಫೈಲಿನ ಹೆಸರಿನಲ್ಲಿ 01, 02, 03 ಎಂದು ಕ್ರಮ ಸಂಖ್ಯೆ ಹಾಕಿ, ಹಳೆಯದನ್ನು ಅಳಿಸಬೇಡಿ. ಕರೆಂಟು ಹೋಗಿ ಹೊಸ ಫೈಲು ಕೆಟ್ಟರೆ ಹಿಂದಿನದು ಕೈಗೆ ಸಿಗುತ್ತದೆ. ತಿದ್ದಿದ ಮೇಲೆ ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಕಳಿಸಿ. ಸಲಹೆ ಕೊಟ್ಟವರಿಗೆ ತಮ್ಮ ಮಾತಿನಿಂದ ಏನು ಬದಲಾಯಿತು ಎಂದು ನೋಡುವ ಆಸೆ ಇರುತ್ತದೆ.